ಕಲ್ಲಿಲ್ಲದ ಕೋಟೆ

ಕಲ್ಲೇ ಇಲ್ಲದ ಒಂದು ಕೋಟೆಯನ್ನು ಕೋಟೆಯೆಂದು ಸಾಬೀತು ಮಾಡುವ ಕೆಲಸ ನನ್ನ ಪಾಲಿಗೆ ಬಂದದ್ದು ಬೇಸಿಗೆಯ ಕೊನೆಯಲ್ಲಿ, ಜನ ಮಿರಗಿನ, ಅಂದರೆ ಮೃಗಶಿರೆಯ, ಮಳೆಗಾಗಿ ಆಕಾಶ ನೋಡತೊಡಗಿದ್ದ ದಿನಗಳಲ್ಲಿ. ಹೈದರಾಬಾದು ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಜಾಗೀರುಗಳು ಹೋಗಿದ್ದವು. ರಾಜ್ಯಗಳ ಹೊಸ ವಿಂಗಡಣೆ ಇನ್ನೂ ಆಗಿರಲಿಲ್ಲ. ಹಳೆಯ ಸೈನ್ಯದ ಸರ್ವೇ ತುಕಡಿ ಬರಖಾಸ್ತಾದಾಗ ನನ್ನನ್ನು ಪುರಾತನ ಸ್ಮಾರಕಗಳನ್ನು ನೋಡಿಕೊಳ್ಳುವ ಇಲಾಖೆಗೆ ನಕ್ಷೆಗಾರನಾಗಿ ಕಳಿಸಿದ್ದರು. ನನ್ನ ಬಗ್ಗೆ ಇಷ್ಟು ಸಾಕು.

ಶಹಾಪುರದಿಂದ ಸುರಪುರದ ಕಡೆಗೆ ಹೋಗುವ ಗಾಡಿದಾರಿಯನ್ನು ಆಗ ಪಕ್ಕಾ ಸಡಕು ಮಾಡುತ್ತಿದ್ದರು. ಆ ದಾರಿಯ ನಡುವೆ, ಒಂದು ಸಣ್ಣ ಊರಿನ ಮಗ್ಗುಲಲ್ಲಿ, ಎರೆಹೊಲಗಳ ಮಧ್ಯೆ ದುಂಡನೆಯ ದಿಬ್ಬವೊಂದಿತ್ತು. ಮೇಲೆ ಸಪಾಟು. ಪೂರ್ವಕ್ಕೆ ಮಣ್ಣಿನ ಏರಿಯೊಂದು ದಿಬ್ಬದಿಂದ ಹೊರಟು ಅರ್ಧಚಂದ್ರದಂತೆ ಬಾಗಿ ಮತ್ತೆ ದಿಬ್ಬಕ್ಕೇ ಬಂದು ಸೇರುತ್ತಿತ್ತು. ಅದರ ಒಳಗಿನ ಅಂಗಳದಲ್ಲಿ ಜಾಲಿ, ಬಾರಿಮುಳ್ಳು ಬೆಳೆದಿದ್ದವು, ಕುರಿಗಳು ಮೇಯುತ್ತಿದ್ದವು. ಊರವರು ಅದನ್ನು ಹಾಳಕ್ವಾಟಿ, ಅಂದರೆ ಹಾಳು ಕೋಟೆ, ಎನ್ನುತ್ತಿದ್ದರು. ಯಾರು ಕಟ್ಟಿಸಿದರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಸಡಕಿನ ಗೆರೆ ನೇರವಾಗಿ ಈ ದಿಬ್ಬದ ಮೇಲೆ ಹಾದಿತ್ತು. ಅದರಾಚೆ ಹಳ್ಳದ ದಂಡೆಯಲ್ಲಿ ಸಡಕನ್ನು ಎತ್ತರಿಸಲು ಬೇಕಾದಷ್ಟು ಮಣ್ಣು ಹಾಕಬೇಕಿತ್ತು. ದಿಬ್ಬ ಕಡಿದರೆ ದಾರಿಯೂ ನೆಟ್ಟಗಾಗುತ್ತದೆ, ಮಣ್ಣೂ ಸಿಗುತ್ತದೆ. ಸಡಕಿನ ಎಂಜಿನಿಯರರ ಲೆಕ್ಕ ಇಷ್ಟು ಸರಳವಾಗಿತ್ತು. ನಮ್ಮ ಮೇಲಧಿಕಾರಿಗಳು ಹೈದರಾಬಾದಿನಿಂದ ನನಗೆ ಹೇಳಿಕಳಿಸಿದ್ದೂ ಅಷ್ಟೇ ಸರಳ: ಇದು ಮನುಷ್ಯರು ಕಟ್ಟಿದ ಕೋಟೆಯೆಂದು ಎಂಜಿನಿಯರರು ಒಪ್ಪಿ ನಕ್ಷೆಯ ಮೇಲೆ ಸಹಿ ಹಾಕಿದರೆ ಸಂರಕ್ಷಿತ ಸ್ಥಳ ಎಂದು ಸೇರಿಸೋಣ, ಹಾಕದಿದ್ದರೆ ನಮ್ಮ ತಕರಾರಿಲ್ಲ. ಗುತ್ತೇದಾರನ ಗಾಡಿಗಳು ಹಿಂದಿನ ಹಳ್ಳಿಯ ಕೆಲಸ ಮುಗಿಸಿ ಇಲ್ಲಿಗೆ ಬರುವವರೆಗೆ ನನಗೆ ಅವಕಾಶ.

ಎಂಜಿನಿಯರರು ರಾಯಚೂರು ಕಡೆಯವರು. ಬಿಸಿಲಿಗೆ ಕಂದಿದ ಮುಖ, ಕೈಯಲ್ಲಿ ಯಾವಾಗಲೂ ಒಂದು ಬೆತ್ತ. ಮೊದಲ ದಿನವೇ ದಿಬ್ಬದ ಬುಡದಲ್ಲಿ ಸಿಕ್ಕರು.

“ನೋಡ್ರಿ, ನಾ ಏನು ನಿಮ್ಮ ಕೋಟಿಗೆ ವೈರಿ ಅಲ್ಲ. ಯಾದಗಿರಿ ಗುಡ್ಡದ ಮ್ಯಾಲ ಅದ, ಅದು ಕೋಟಿ. ಶಹಾಪುರದ್ದು ಕೋಟಿ. ವನದುರ್ಗದ್ದು ಕೋಟಿ. ಕಲ್ಲಿಗೆ ಕಲ್ಲು ಕೂಡ್ಸ್ಯಾರ, ಬಾಗಲಾ ಇಟ್ಟಾರ. ಇಲ್ಲೇನದ?”

“ಇಲ್ಲಿ ಮಣ್ಣೇ ಕೋಟಿ ಅದರಿ.”

“ಹಂಗಂದ್ರ ನಮ್ಮಪ್ಪನ ಹೊಲದ ಬದುನೂ ಕೋಟೀನ ಆತಲ್ರಿ,” ಎಂದು ಅವರು ನಕ್ಕರು. ನಗು ಕೆಟ್ಟದ್ದಾಗಿರಲಿಲ್ಲ. ಆ ಸೀಮೆಯಲ್ಲಿ ಹುಟ್ಟಿ ಬೆಳೆದ ಯಾರೇ ಆದರೂ ಕೋಟೆಯೆಂದರೆ ಬಂಡೆಗಲ್ಲನ್ನೇ ನೆನೆಯುತ್ತಾರೆ.

ನಾನು ಬೇರೆ ರೀತಿ ಯೋಚಿಸಲು ಒಂದು ಕಾರಣವಿತ್ತು. ತುಕಡಿಯ ತರಬೇತಿಯಲ್ಲಿ ನಮಗೆ ಕೋಟೆಗಳ ನಕ್ಷೆಗಳನ್ನು ನಕಲು ಮಾಡಿಸುತ್ತಿದ್ದರು. ಅವುಗಳಲ್ಲೊಂದು ಒಂಬತ್ತು ಶತಮಾನಗಳ ಹಿಂದೆ ನಾರ್ಮನ್ ದೊರೆಗಳು ಇಂಗ್ಲೆಂಡನ್ನು ಗೆಲ್ಲಲು ಬಂದಾಗ ಕಟ್ಟಿದ ಮಣ್ಣುಕೋಟೆಯದು. ಸುತ್ತ ಕಂದಕ ತೋಡಿದರು, ಬಂದ ಮಣ್ಣನ್ನು ನಡುವೆ ದಿಬ್ಬವಾಗಿ ಪೇರಿಸಿದರು, ಪಕ್ಕದಲ್ಲಿ ಏರಿ ಹಾಕಿ ಒಂದು ಅಂಗಳ ಮಾಡಿದರು, ಮೇಲೆ ಮರದ ಬೇಲಿ ಹಾಕಿದರು. ಮರ ಹೋಗಿ ಎಷ್ಟೋ ಕಾಲವಾಗಿದ್ದರೂ ಮಣ್ಣಿನ ಮೈ ಮಾತ್ರ ಉಳಿದಿದೆ. ನಮ್ಮ ಉಸ್ತಾದರು ಆ ನಕ್ಷೆಯನ್ನು ನನ್ನಿಂದ ಮೂರು ಸಲ ಬರೆಸಿದ್ದರು. ಹಾಳಕ್ವಾಟಿಯ ಮೇಲೆ ನಿಂತು ಕೆಳಗೆ ನೋಡಿದಾಗ ಕೈಗೆ ಆ ಗೆರೆಗಳ ಪರಿಚಯ ಹತ್ತಿತು. ನಾರ್ಮನರು ಇಲ್ಲಿಗೆ ಬಂದಿರಲಿಲ್ಲ, ಸರಿ. ಆದರೆ ಸಪಾಟು ಬಯಲಿನಲ್ಲಿ, ಸುತ್ತ ಕಲ್ಲಿಲ್ಲದ ಕಡೆ, ಅವಸರದಲ್ಲಿ ಮರೆ ಬೇಕಾದ ಮನುಷ್ಯ ಎಲ್ಲಿದ್ದರೂ ಮಾಡುವುದು ಇದನ್ನೇ. ಒಂದು ಕೊರತೆಯಿತ್ತು. ಕಂದಕ ಕಾಣುತ್ತಿರಲಿಲ್ಲ. ಹೊಲದವರು ಏರಿಯ ಬುಡದವರೆಗೂ ಉತ್ತಿದ್ದರು. ಕಂದಕವಿಲ್ಲದ ಮಣ್ಣು ಬರೇ ದಿಬ್ಬ.

ನನ್ನ ದಿನಚರಿ ಹೀಗಿತ್ತು: ಹೊತ್ತು ಹುಟ್ಟುವ ಮೊದಲು ಏಳುವುದು, ಗಡ್ಡ ಕೆರೆದು ಬೂಟಿಗೆ ಪಾಲಿಶ್ ಹಾಕುವುದು, ಲೆವೆಲ್ ಯಂತ್ರದ ಗುಳ್ಳೆ ನಡುಮಧ್ಯ ನಿಂತಿದೆಯೇ ನೋಡುವುದು, ಬಿಸಿಲಿನ ಝಳ ಕಣ್ಣನ್ನು ಮೋಸಗೊಳಿಸುವ ಮೊದಲು ಎತ್ತರಗಳನ್ನೆಲ್ಲ ಅಳೆದು ಮುಗಿಸುವುದು. ನನ್ನ ಜೊತೆ ಅಳತೆಯ ಸರಪಳಿ ಹಿಡಿಯಲು ಹಳೆಯ ತುಕಡಿಯವನೇ ಒಬ್ಬನಿದ್ದ, ಯಾದಗಿರಿಯವನು, ನನ್ನ ವಾರಗೆಯವನು. “ಸರ್ಕಾರ ಬದಲಾತು, ಝಂಡಾ ಬದಲಾತು, ನಿಮ್ಮ ಬೂಟಿನ ಪಾಲಿಶ್ ಬದಲಾಗವಲ್ದು,” ಎಂದು ದಿನವೂ ಅನ್ನುತ್ತಿದ್ದ.

ಊರವರಿಗೂ ನನಗೂ ಮೊದಲ ದಿನದಿಂದಲೇ ಸರಿಹೋಗಲಿಲ್ಲ. ಆ ಕಡೆ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಮಳೆಗೆ ಮೊದಲು ಪ್ರತಿ ಮನೆಯವರೂ ಮಾಳಿಗೆಯ ಮೇಲೆ ಸವುಳು ಮಣ್ಣಿನ ಹೊಸ ಪದರು ಹಾಕಬೇಕು, ಇಲ್ಲದಿದ್ದರೆ ಮನೆ ಸೋರುತ್ತದೆ. ಆ ಬಿಳಿಚಿದ ಮಣ್ಣನ್ನು ಅವರು ತಲೆತಲಾಂತರದಿಂದ ಹಾಳಕ್ವಾಟಿಯ ಏರಿಯಿಂದಲೇ ತರುತ್ತಿದ್ದರು. ನಾನು ಬಂದವನೇ ಸುತ್ತ ಕೆಂಪು ಬಾವುಟ ನೆಟ್ಟು ಯಾರೂ ಸಲಿಕೆ ಹಚ್ಚಬಾರದೆಂದು ತಾಕೀತು ಮಾಡಿದ್ದೆ.

ಮೇಲ್ಮೈ ನಕ್ಷೆ ಮುಗಿದ ಮೇಲೆ ಏರಿಯನ್ನು ಅಡ್ಡಲಾಗಿ ಸೀಳಿ ಒಂದು ಗುಂಡಿ ತೆಗೆಯಬೇಕಿತ್ತು. ಮಣ್ಣು ತಾನಾಗಿ ಕೂಡಿದ್ದೋ ಮನುಷ್ಯರು ಹಾಕಿದ್ದೋ ಎಂಬುದನ್ನು ಗುಂಡಿಯ ಗೋಡೆ ಹೇಳುತ್ತದೆ. ತಾನಾಗಿ ಬಂದ ಮಣ್ಣು ಒಂದೇ ಸಮ ಇರುತ್ತದೆ. ಹೊತ್ತು ಹಾಕಿದ ಮಣ್ಣಿನಲ್ಲಿ ಬೇರೆಬೇರೆ ಬಣ್ಣದ ಪದರುಗಳಿರುತ್ತವೆ. ದಕ್ಷಿಣದ ಕಡೆ ಏರಿ ತಗ್ಗಾಗಿತ್ತು, ಕೆಲಸ ಬೇಗ ಆಗುತ್ತದೆಂದು ಅಲ್ಲೇ ಗೂಟ ಹೊಡೆದು ದಾರ ಕಟ್ಟಿದೆ. ಎಂಜಿನಿಯರರೇ ಗುತ್ತೇದಾರನ ಕಡೆಯ ಕೆಲವು ಆಳುಗಳನ್ನು ಕೊಟ್ಟರು. ಎರಡು ದಿನ ಅಗೆದೆವು. ಸಿಕ್ಕದ್ದೇನು? ತಿಪ್ಪೆ. ಬೂದಿ, ಒಡೆದ ಬಳೆ, ಎಮ್ಮೆಯ ಎಲುಬು. ಏರಿ ಅಲ್ಲಿ ತಗ್ಗಾಗಲು ಕಾರಣವೇ ಅದು. ಊರವರು ಮಾಳಿಗೆಗೆ ಮಣ್ಣು ತೆಗೆದು ತೆಗೆದು ಹೊಂಡ ಮಾಡಿದ್ದರು, ಆಮೇಲೆ ಆ ಹೊಂಡಕ್ಕೆ ಕಸ ಸುರಿದಿದ್ದರು.

ನೋಡಲು ಬಂದ ಎಂಜಿನಿಯರರು ಗುಂಡಿಯೊಳಗೆ ಬೆತ್ತ ಇಳಿಬಿಟ್ಟು ತುಕ್ಕು ಹಿಡಿದ ಒಂದು ಡಬ್ಬಿಯ ಮುಚ್ಚಳ ಮೀಟಿ ಎತ್ತಿದರು.

“ಇದು ಯಾವ ರಾಜನ ಕಾಲದ್ದರಿ? ಸುಣ್ಣದ ಡಬ್ಬಿ ಕಂಡಂಗ ಕಾಣ್ತದ.”

ಮರುದಿನ ಆಳುಗಳು ಬರಲಿಲ್ಲ. ಇಲಾಖೆ ಕೂಲಿಗೆಂದು ಕೊಟ್ಟದ್ದೂ ಆ ಗುಂಡಿಗೇ ಮುಗಿದಿತ್ತು. ದೂರದ ಬಯಲಿನಲ್ಲಿ ಗುತ್ತೇದಾರನ ಗಾಡಿಗಳ ಧೂಳು ಕಾಣತೊಡಗಿತ್ತು.

ಆ ಸಂಜೆ ಮುಂಗಾರಿಗೆ ಮೊದಲಿನ ಅಡ್ಡಮಳೆ ಬಂತು. ಗಾಳಿ, ಗುಡುಗು, ಆಮೇಲೆ ಒಂದೇ ಸಮ ಸುರಿದು ನಿಂತಿತು. ಬೆಳಿಗ್ಗೆ ಎಂದಿನಂತೆ ಲೆವೆಲ್ ಯಂತ್ರ ಹೊತ್ತು ದಿಬ್ಬ ಏರಿದೆ. ಮೇಲೆ ಹೋಗಿ ತಿರುಗಿದವನು ಯಂತ್ರವನ್ನು ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟೆ.

ಹೊತ್ತು ಹುಟ್ಟಿ ಹೊಲಗಳು ಆರತೊಡಗಿದ್ದವು. ಎಲ್ಲ ಕಡೆ ಒಂದೇ ಸಮ ಆರುತ್ತಿರಲಿಲ್ಲ. ದಿಬ್ಬದ ಸುತ್ತ, ಉತ್ತ ಹೊಲದ ನಡುವೆ, ಒಂದು ಅಗಲವಾದ ಕಪ್ಪು ಬಳೆ ಹಾಸಿಕೊಂಡಿತ್ತು. ಅದು ಪೂರ್ವಕ್ಕೆ ಹೋಗಿ ಅಂಗಳದ ಏರಿಯ ಹೊರಗಡೆಯೂ ಹಾಗೇ ಬಾಗಿ ಬಂದು ಕೂಡಿಕೊಂಡಿತ್ತು. ಕಂದಕ! ಹೂಳು ತುಂಬಿ, ಅದರ ಮೇಲೆ ನೇಗಿಲು ಓಡಿ, ಕಣ್ಣಿಗೆ ಮರೆಯಾಗಿದ್ದ ಕಂದಕದೊಳಗೆ ನೀರು ಇಳಿದು ಹಸಿಯಾಗಿಯೇ ಉಳಿದಿತ್ತು. ಪಕ್ಕದ ಗಟ್ಟಿ ನೆಲ ಆಗಲೇ ಬೂದುಬಣ್ಣಕ್ಕೆ ತಿರುಗುತ್ತಿತ್ತು.

“ಗೂಟ ತಾ! ಎಲ್ಲಾ ಗೂಟ ತಾ!” ಎಂದು ಸರಪಳಿಯವನಿಗೆ ಕೂಗಿದೆ.

ಬಿಸಿಲಿಗೂ ನಮಗೂ ಓಟ ಹತ್ತಿತು. ಕಪ್ಪು ಅಂಚಿನ ಗುಂಟ ಅವನು ಗೂಟ ಹೊಡೆಯುತ್ತ ಓಡಿದ. ನಾನು ಮೇಲಿಂದ ಬಾವುಟ ಬೀಸಿ ಎಡಕ್ಕೆ, ಬಲಕ್ಕೆ ಎಂದು ಸರಿಪಡಿಸುತ್ತಿದ್ದೆ. ಗೂಟ ಮುಗಿದವು. ಅವನು ಬಾರಿಯ ಟೊಂಗೆ ಮುರಿದು ನೆಟ್ಟ. ಅದೂ ಸಾಲದಾದಾಗ ತನ್ನ ರುಮಾಲು ಹರಿದು ಚಿಂದಿಗಳ ಮೇಲೆ ಹೆಂಟೆ ಹೇರಿ ಇಟ್ಟ. ಬಳೆ ಕೂಡುವ ಹೊತ್ತಿಗೆ ಶುರುವಾದ ಕಡೆಯ ಕಪ್ಪು ಆರಿಹೋಗಿ ಹೊಲ ಮತ್ತೆ ಏನೂ ಗೊತ್ತಿಲ್ಲದಂತೆ ಮಲಗಿತ್ತು. ನಮ್ಮ ಗೂಟಗಳು ಮಾತ್ರ ನಿಂತಿದ್ದವು. ಉಳಿದ ದಿನವೆಲ್ಲ ಒಂದೊಂದು ಗೂಟಕ್ಕೂ ಸರಪಳಿ ಹಿಡಿದು ನಕ್ಷೆಗೆ ಏರಿಸಿದೆವು. ಸಂಜೆ ಕಾಗದದ ಮೇಲೆ ಕೋಟೆ ಪೂರ್ತಿಯಾಗಿ ಮೂಡಿತ್ತು: ದಿಬ್ಬ, ಕಂದಕ, ಅಂಗಳ, ಏರಿ, ಏರಿಯ ಹೊರಗೆ ಮತ್ತೆ ಕಂದಕ.

ನಕ್ಷೆಯನ್ನು ಎಂಜಿನಿಯರರ ಡೇರೆಗೆ ಒಯ್ದೆ. ಅವರು ಬಹಳ ಹೊತ್ತು ನೋಡಿದರು, ಮೆಚ್ಚಿದರು. ಸಹಿ ಮಾತ್ರ ಹಾಕಲಿಲ್ಲ.

“ಗೆರಿ ಛಂದ ಎಳದೀರಿ. ಆದ್ರ ಹಸಿ ನೆಲಾ ನೋಡಿದಾವ್ರು ನೀವು, ಗೆರಿ ಎಳದಾವ್ರೂ ನೀವು. ನಾ ಹೋಗಿ ನೋಡಿದ್ರ ಅಲ್ಲಿ ಏನದ? ಗೂಟ. ದುಂಡಗ ಗೂಟ ಹೊಡದ್ರ ಕುರಿ ದೊಡ್ಡೀನೂ ಆಗ್ತದ. ಮಣ್ಣು ಕಡದು ತೋರಸ್ರಿ. ಗಾಡಿ ಬರೋದ್ರಾಗ ತೋರಸ್ರಿ.”

ಅವರು ಹೇಳಿದ್ದು ನ್ಯಾಯವೇ. ಈಗ ಗುಂಡಿ ಎಲ್ಲಿ ತೆಗೆಯಬೇಕೆಂದು ನನಗೆ ಗೊತ್ತಿತ್ತು. ಉತ್ತರದ ಕಡೆ, ಏರಿ ಎತ್ತರವಾಗಿ ಉಳಿದಿದ್ದಲ್ಲಿ, ಅದರ ನೆತ್ತಿಯಿಂದ ಹಿಡಿದು ಕಂದಕದ ಆಚೆ ದಂಡೆಯವರೆಗೆ. ಅಗೆಯುವವರು ಮಾತ್ರ ಇರಲಿಲ್ಲ.

ಊರಬಾಗಿಲ ಅಗಸಿಯ ಕಟ್ಟೆಗೆ ಹೋದೆ. ಊರಗೌಡರು ಕೂತಿದ್ದರು, ಒಂದಿಷ್ಟು ಗಂಡಸರಿದ್ದರು. ಕೊಡ ಇಳಿಸಿ ನಿಂತಿದ್ದ ಹೆಂಗಸರಲ್ಲಿ ಕುರಿ ಸಾಕುವ ಮನೆತನದ ಹಿರಿಯಳೊಬ್ಬಳಿದ್ದಳು. ಊರಿಗೆಲ್ಲ ಅವಳು ದೊಡ್ಡವ್ವ. ನಾನು ಬಾಯಿ ತೆರೆಯುವ ಮೊದಲೇ ಅವಳು ಹತ್ತಿಕೊಂಡಳು.

“ಇಬ್ರೂ ಸಾಹೇಬ್ರು ಮಣ್ಣಿಗೆ ಬಡದಾಡಾಕತ್ತೀರಿ. ಅವ ಎಲ್ಲಾ ಒಯ್ತೀನಿ ಅಂತಾನ. ನೀ ಯಾರೂ ಮುಟ್ಟಬ್ಯಾಡ್ರಿ ಅಂತಿ. ಮಿರಗ ಬಂದು ನನ್ನ ಮಾಳಗಿ ಸೋರಿದ್ರ ನಿಮ್ಮಿಬ್ಬರಾಗ ಛತ್ರಿ ಹಿಡ್ಯಾಕ ಬರಾವ್ರು ಯಾರೋ ಯಪ್ಪಾ?”

ಕಟ್ಟೆ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಆ ಮಾತು ಮುಗಿಯುವಷ್ಟರಲ್ಲಿ ಏನು ಮಾಡಬೇಕೆಂಬುದು ನಿಚ್ಚಳವಾಗಿತ್ತು. ನಮ್ಮ ಕೆಲಸದ ನಿಯಮ ಹೀಗೆ: ಅಗೆದ ಮಣ್ಣು ಗುಂಡಿಯ ದಂಡೆಯಲ್ಲೇ ಇರಬೇಕು, ಕೆಲಸ ಮುಗಿದ ಮೇಲೆ ಅದೇ ಮಣ್ಣು ಹಾಕಿ ಮುಚ್ಚಬೇಕು, ಒಂದು ಬುಟ್ಟಿಯೂ ಹೊರಗೆ ಹೋಗಬಾರದು. ನಿಯಮ ಮೀರಿದ ಮನುಷ್ಯ ನಾನಲ್ಲ. ಆದರೆ ಒಂದು ಗುಂಡಿಯ ಮಣ್ಣನ್ನು ಉಳಿಸಲು ಹೋಗಿ ಇಡೀ ಕೋಟೆಯನ್ನು ಗಾಡಿಗೆ ಹೇರಿಸುವುದೂ ನಿಯಮವಾಗಲಾರದು.

“ಗೌಡ್ರ, ಕೇಳ್ರಿ. ನಾ ತೋರಿಸಿದ ಕಡೆ, ನಾ ಹೇಳಿದಂಗ ಅಗೀರಿ. ಬಂದ ಮಣ್ಣೆಲ್ಲಾ ನಿಮ್ಮ ಮಾಳಿಗಿಗೆ. ಮುಂದ ಯಾವ ವರ್ಷನೂ ಏರಿಗೆ ಯಾರೂ ಸಲಿಕಿ ಹಚ್ಚಬಾರದು. ಜರದು ಕೆಳಗ ಬಿದ್ದ ಮಣ್ಣು ಅಷ್ಟೇ ತಗೋಬೇಕು.”

ಗೌಡರು ಮೀಸೆ ತಿರುವಿದರು. “ಕಾಗದ ಮಾಡಿ ಕೊಡ್ತೀರೇನ್ರಿ?”

“ಇಲ್ರಿ. ಬಾಯಿಮಾತು.”

“ಹಂಗಾದ್ರ ಖರೇ ಇರಬೇಕು,” ಎಂದಳು ದೊಡ್ಡವ್ವ. “ಕಾಗದ ಕೊಟ್ಟಾವ್ರು ಯಾರೂ ಈ ಊರಿಗೆ ತಿರುಗಿ ಬಂದಿಲ್ಲ.”

ಮರುದಿನ ಬೆಳಿಗ್ಗೆ ಊರಿಗೆ ಊರೇ ಬುಟ್ಟಿ ಹಿಡಿದು ನಿಂತಿತ್ತು. ಇಷ್ಟು ಜನ ಒಮ್ಮೆಲೇ ಗುಂಡಿಗಿಳಿದರೆ ಕೆಲಸ ಕೆಡುತ್ತದೆ. ಸಾಲು ಮಾಡಿ ನಿಲ್ಲಿಸಿದೆ. ಗುದ್ದಲಿ ಹಿಡಿಯುವವರು ಬೇರೆ, ಬುಟ್ಟಿ ತುಂಬುವವರು ಬೇರೆ, ಹೊರುವವರು ಹತ್ತುವ ದಾರಿ ಒಂದು, ಇಳಿಯುವ ದಾರಿ ಇನ್ನೊಂದು. ಸೀಟಿ ಊದಿದರೆ ಶುರು, ಸೀಟಿ ಊದಿದರೆ ವಿಶ್ರಾಂತಿ. “ಏ, ಸೀಟಿ ಸಾಹೇಬ ಬಂದಾನ, ಸೆರಗು ಸಿಕ್ಕಸ್ರೇ!” ಎಂದು ಹೆಂಗಸರು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಮೊದಲ ದಿನದ ಜಗಳವೆಲ್ಲ ಒಂದೇ ವಿಷಯಕ್ಕೆ: ಅವರಿಗೆ ಮೇಲಿನ ಕಸದಡಿಯ ಸವುಳು ಬೇಕು, ಅದಕ್ಕಾಗಿ ಬುಡದಲ್ಲಿ ಗವಿ ತೋಡುವುದು ಅವರ ರೂಢಿ. ನನಗೆ ಮೇಲಿನಿಂದ ಒಂದೊಂದೇ ಪದರು ಇಳಿಯಬೇಕು, ಗೋಡೆ ತೂಗುಗುಂಡು ಬಿಟ್ಟಂತೆ ನೆಟ್ಟಗಿರಬೇಕು.

“ಮ್ಯಾಲಿಂದು ಮಣ್ಣಲ್ಲೋ ಯಪ್ಪಾ, ಕಸ,” ಎಂದಳು ದೊಡ್ಡವ್ವ.

“ಕಸಾ ಮೊದಲ, ಮಣ್ಣು ಆಮ್ಯಾಲ.”

“ನಿನ್ನ ಹೇಣ್ತಿ ಹ್ಯಾಂಗ ತಾಳತಾಳೋ.”

“ಆಕಿಗೂ ಸೀಟಿ ಅದ,” ಎಂದ ಸರಪಳಿಯವ ಮೇಲಿನಿಂದ. ಅದರ ನಂತರ ನನ್ನ ಮಾತು ನಡೆಯಿತು. ನಗಿಸಿದವರ ಮಾತು ಆ ಊರಲ್ಲಿ ನಡೆಯುತ್ತಿತ್ತು, ನಗಿಸಿದವನು ನಾನಲ್ಲದಿದ್ದರೂ.

ನಾಲ್ಕೈದು ದಿನಗಳಲ್ಲಿ ಗುಂಡಿ ನೆಲಮುಟ್ಟಿತು. ಕುರ್ಪಿಯಿಂದ ಗೋಡೆಯನ್ನು ಹೆರೆದು ಸಾಫು ಮಾಡಿದೆ. ನಾನು ಬಯಸಿದ್ದೆಲ್ಲ ಅಲ್ಲಿತ್ತು, ಅದಕ್ಕಿಂತ ಹೆಚ್ಚೂ ಇತ್ತು. ಗೋಡೆಯ ಅಳತೆ ತೆಗೆದುಕೊಳ್ಳುವುದನ್ನೂ ಮುಂದೂಡಿ, ಮೊದಲು ಎಂಜಿನಿಯರರು ಕಣ್ಣಾರೆ ನೋಡಲಿ ಎಂದು ಮಧ್ಯಾಹ್ನವೇ ಶಹಾಪುರಕ್ಕೆ ಹೊರಟೆ. ಅವರು ಆ ದಿನ ಅಲ್ಲಿಯ ಕಚೇರಿಯಲ್ಲಿದ್ದರು. “ನಾಳೆ ಮುಂಜಾನೆ ಜೀಪಿನ್ಯಾಗ ಕೂಡೇ ಹೋಗೋಣ,” ಎಂದರು. ಊರಿನಲ್ಲಿ ಸರಪಳಿಯವನಿಗೆ ಹೇಳಿಬಂದಿದ್ದೆ: ನೋಡಲು ಸಾಹೇಬರನ್ನು ಕರೆತರುತ್ತೇನೆ, ಗೋಡೆ ಸ್ವಚ್ಛ ಇರಲಿ, ಕುರಿ ಹಾಯದಂತೆ ನೋಡಿಕೋ. ಅವನು ಆ ಮಾತನ್ನು ಊರಿಗೆ ಮುಟ್ಟಿಸಿ, ಕುರಿ ಕಾಯಲು ಗುಂಡಿಯ ಆಚೆ ತುದಿಗೆ ಹೋಗಿ, ದಣಿದಿದ್ದವನು ಜಾಲಿಯ ನೆರಳಲ್ಲಿ ಮಲಗಿಬಿಟ್ಟಿದ್ದ.

ಬೆಳಿಗ್ಗೆ ಜೀಪು ನಿಂತಿತು. ಎಂಜಿನಿಯರರು ಮುಂದೆ, ನಾನು ಹಿಂದೆ. ಗುಂಡಿಯ ಅಂಚಿಗೆ ಹೋದವರು ಹಾಗೇ ನಿಂತರು. ಅವರ ಹೆಗಲ ಮೇಲಿಂದ ನಾನೂ ನೋಡಿದೆ.

ಗೋಡೆ ಥಳಥಳ ಹೊಳೆಯುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಸಗಣಿ, ಕೆಮ್ಮಣ್ಣು ಕಲಸಿ ನುಣ್ಣಗೆ ಸಾರಿಸಿದ್ದರು. ಬುಡಕ್ಕೆ ಸುಣ್ಣದ ಪಟ್ಟಿ. ಪಟ್ಟಿಯ ಮೇಲೆ ಸಾಲಾಗಿ ಬಿಳಿ ಚುಕ್ಕೆ. ಗುಂಡಿಯ ನೆಲಕ್ಕೆ ಸಗಣಿನೀರಿನ ಥಳಿ ಹೊಡೆದು ರಂಗೋಲಿ ಹಾಕಿದ್ದರು. ಒಂದು ಪದರೂ ಕಾಣುತ್ತಿರಲಿಲ್ಲ.

ದೊಡ್ಡವ್ವ ಕೈಗೆ ಮೆತ್ತಿದ ಕೆಮ್ಮಣ್ಣನ್ನು ಸೆರಗಿಗೆ ಒರೆಸುತ್ತ ಎದುರು ಬಂದಳು. “ಬರ್ರಿ ಸಾಹೇಬ್ರ, ಬರ್ರಿ. ದೊಡ್ಡಾವ್ರು ಬರ್ತಾರಂತ ತಿಳೀತು. ಹಸಿ ಗ್ವಾಡಿ ಹಂಗ ಬಿಟ್ರ ಊರ ಮರ್ಯಾದಿ ಏನು? ಹತ್ತು ಮಂದಿ ಕೂಡಿ ಸಾರಿಸೀವಿ.”

ಎಂಜಿನಿಯರರು ಬೆತ್ತ ಊರಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಕೋಟಿ ತೋರಸ್ತೀನಿ ಅಂತ ಕರಕೊಂಡು ಬಂದು ಹೊಸಾ ಮನಿ ತೋರ್ಸಾಕತ್ತೀರಿ. ವಾಸ್ತುಶಾಂತಿ ಊಟ ಯಾವಾಗರಿ?”

ದೊಡ್ಡವ್ವನ ಮುಖ ಸಣ್ಣದಾಯಿತು. ಏನೋ ಕೆಟ್ಟಿತೆಂದು ಅವಳಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ಬೈಯಲು ನನ್ನ ಬಾಯಿ ತೆರೆದಿತ್ತು. ಬೈದು ಮಾಡುವುದೇನಿತ್ತು? ಈ ಹೆಂಗಸರು ತಮಗೆ ಗೊತ್ತಿದ್ದ ಅತ್ಯಂತ ದೊಡ್ಡ ಮರ್ಯಾದೆಯನ್ನು ಆ ಗೋಡೆಗೆ ಮಾಡಿದ್ದರು. ಅದಕ್ಕೂ ಮೇಲಾಗಿ, ಕಡಿದು ಬಿಟ್ಟ ಗೋಡೆ ಚಿತ್ರದಂತೆ ಮುಗಿದುಹೋಗಿರುವುದಿಲ್ಲ. ಅದರ ಹಿಂದೆ ಏರಿ ಇದ್ದೇ ಇದೆ. ಒಂದು ಮೊಳ ಹಿಂದೆ ಕಡಿದರೆ ಅದೇ ಪದರುಗಳು ಮತ್ತೆ ಸಿಗಬೇಕು. ಸಿಗದಿದ್ದರೆ ನಾನು ಸೋತಂತೆ, ಎಂಜಿನಿಯರರ ಮುಂದೆಯೇ.

“ಸಾಹೇಬ್ರ, ಅವತ್ತ ನೀವು ಏನಂದ್ರಿ? ನೋಡಿದಾವ್ರೂ ನಾನು, ಗೆರಿ ಎಳದಾವ್ರೂ ನಾನು ಅಂದ್ರಿ. ಇವತ್ತ ನಾ ಎಳ್ಯಂಗಿಲ್ಲ. ನಿಮ್ಮ ಬೆತ್ತದ್ಲೆ ನೀವೇ ಗೆರಿ ಹಾಕ್ರಿ. ಎಲ್ಲಿ ಹಾಕ್ತೀರಿ ಅಲ್ಲಿ ನಿಮ್ಮ ಕಣ್ಣಮುಂದ ಕಡಸ್ತೀನಿ.”

ಅವರ ನಗು ನಿಂತಿತು. ನನ್ನನ್ನೊಮ್ಮೆ ನೋಡಿದರು. ಏರಿಯ ಮೇಲೆ ಹತ್ತಿ, ಸಾರಿಸಿದ ಗೋಡೆಯಿಂದ ಒಂದು ಮಾರು ಹಿಂದೆ, ನಾನು ಅಂದುಕೊಂಡಿದ್ದಕ್ಕಿಂತ ಬಹಳ ಹಿಂದೆ, ಬೆತ್ತದಿಂದ ಗೆರೆ ಎಳೆದರು. “ಇಲ್ಲಿ.”

ಸೀಟಿ ಊದಿದೆ.

ಆ ಬೆಳಗಿನಂಥ ಕೆಲಸವನ್ನು ನಾನು ಮತ್ತೆಲ್ಲೂ ನೋಡಿಲ್ಲ. ಕಳೆದ ದಿನಗಳಲ್ಲಿ ಬೈದು, ಜಗಳಾಡಿ ಕಲಿಸಿದ್ದೆಲ್ಲ ಈಗ ತಾನಾಗಿ ನಡೆಯಿತು. ಗುದ್ದಲಿಗಳು ಒಂದೇ ಸಾಲಿನಲ್ಲಿ ಮೇಲಿನಿಂದ ಇಳಿದವು. ಯಾರೂ ಗವಿ ತೋಡಲಿಲ್ಲ. ಕೆಮ್ಮಣ್ಣಿನ ಚಿಪ್ಪು ಕಳಚಿ ಬಿದ್ದಿತು, ಸುಣ್ಣದ ಪಟ್ಟಿ ಬಿದ್ದಿತು, ಬುಟ್ಟಿಗಳ ಸಾಲು ಹತ್ತಿತು, ಇಳಿಯಿತು. ಕೊನೆಯ ಒಂದು ಗೇಣನ್ನು ನಾನೂ ಸರಪಳಿಯವನೂ ಕುರ್ಪಿ ಹಿಡಿದು ಹೆರೆದೆವು. ಒಂದು ತಂಬಿಗೆ ನೀರು ಚಿಮುಕಿಸಿದೆ, ಬಣ್ಣಗಳು ಎದ್ದು ಬರಲೆಂದು.

ಎದ್ದು ಬಂದವು. ಎಲ್ಲಕ್ಕಿಂತ ಕೆಳಗೆ ದಾರದಷ್ಟು ತೆಳ್ಳಗಿನ ಕಪ್ಪು ಗೆರೆ. ಕೋಟೆ ಕಟ್ಟುವ ಮೊದಲು ಅಲ್ಲಿದ್ದ ಹುಲ್ಲಿನ ನೆಲ ಅದು. ಅದರ ಮೇಲೆ ಎರೆಯ ಪದರು, ಅದರ ಮೇಲೆ ಹರಳು ಬೆರೆತ ಕೆಂಪು ಗರಸು, ಮತ್ತೆ ಎರೆ, ಮತ್ತೆ ಗರಸು, ಹೊರಮೈಗೆ ದಪ್ಪನೆಯ ಸವುಳು. ಗುಂಡಿಯ ಆಚೆ ತುದಿಯಲ್ಲಿ ಕಂದಕದ ತಳ ಬೋಗುಣಿಯಂತೆ ಬಾಗಿತ್ತು. ಅದರೊಳಗೆ ಒಂದೊಂದು ಮಳೆಗಾಲದ ಹೂಳು ಎಳೆಎಳೆಯಾಗಿ ಕೂತಿತ್ತು.

ಎಂಜಿನಿಯರರು ಬೂಟು ಸಮೇತ ಗುಂಡಿಗಿಳಿದರು. ಟೊಪ್ಪಿಗೆ ತೆಗೆದು ಸರಪಳಿಯವನ ಕೈಗೆ ಕೊಟ್ಟರು. ಗೋಡೆಗೆ ಮುಖ ಹತ್ತಿರ ಒಯ್ದು ನಿಂತರು. ನಾನು ವಿವರಿಸಲು ಹೋಗಲಿಲ್ಲ. ಮಣ್ಣಿನ ಏರಿ ಕಟ್ಟಿಸುವುದೇ ಅವರ ಜೀವನದ ಕೆಲಸ. ಕಲ್ಲಿನ ಕೋಟೆಯನ್ನು ನಾನು ಅವರಿ‌ಗೆ ತೋರಿಸಲಾರದೆ ಹೋಗಿದ್ದೆ, ಆದರೆ ಈ ಗೋಡೆ ಅವರದೇ ಭಾಷೆಯಲ್ಲಿತ್ತು.

“ಒಂದು ಬುಟ್ಟಿ ಕೊಡ್ರಿ,” ಎಂದರು. ಎರೆ ಪದರಿನೊಳಗೆ ಅಲ್ಲಲ್ಲಿ ಮಸೂರದಾಕಾರದ ಗುರುತುಗಳಿದ್ದವು, ನಡುವೆ ಉಬ್ಬಿ ಎರಡೂ ಕಡೆ ತೆಳುವಾದವು. ಬುಟ್ಟಿಯನ್ನು ಅಂಥದೊಂದಕ್ಕೆ ಆನಿಸಿ ಹಿಡಿದರು. ಸುಮಾರು ಅದೇ ಅಗಲ. ಪಕ್ಕದ್ದಕ್ಕೆ ಹಿಡಿದರು. ಅದೂ ಅಷ್ಟೇ. “ಬುಟ್ಟೀಲೆ ಸುರುವ್ಯಾರ. ಒಂದರ ಮಗ್ಗಲಾಗ ಒಂದು ಸುರುವ್ಯಾರ.” ಬೆರಳಿನಿಂದ ಗರಸಿನ ಮೇಲಂಚು ಮುಟ್ಟಿದರು. ಅಲ್ಲಿ ಗಟ್ಟಿ ಹೊಪ್ಪಳೆಯಿತ್ತು. “ಇಲ್ಲಿ ನೀರು ಹೊಡದಾರ. ಧಮ್ಮಸ್ಸು ಹಾಕಿ ಬಡದು ಗಟ್ಟಿ ಮಾಡ್ಯಾರ. ಮ್ಯಾಲಿನ ಪದರು ಆಮ್ಯಾಲ.”

ದೊಡ್ಡವ್ವ ಅಷ್ಟರಲ್ಲಿ ಧೈರ್ಯ ತಂದುಕೊಂಡು ಅವರ ಪಕ್ಕಕ್ಕೇ ಇಳಿದಿದ್ದಳು. ಗುರುತುಗಳಲ್ಲಿ ಒಂದು ಮಾತ್ರ ಬಹಳ ಸಣ್ಣದು. ಅದಕ್ಕೆ ಬೆರಳು ಚುಚ್ಚಿದಳು.

“ಇಕಾ, ಇಲ್ಲಿ ನೋಡ್ರಿ. ಯಾವಾಕಿನೋ ಅರ್ಧಾ ಬುಟ್ಟಿ ತಂದಾಳ. ನಮ್ಮ ಸ್ವಸಿಯಂಥಾಕಿ!”

ಮೇಲೆ ನಿಂತಿದ್ದ ಸೊಸೆ, “ಅತ್ತಿ ಕಣ್ಣು ತಪ್ಪಿಸಿ ತಂದಾಳ ಅಂದ್ರ ಶಾಣ್ಯಾಕಿ ಇರಬೇಕು ಬಿಡ್ರಿ,” ಎಂದಳು. ಇಡೀ ಊರು ಗುಂಡಿಯ ಸುತ್ತ ನಿಂತು ನಕ್ಕಿತು. ಎಂಜಿನಿಯರರು ಈ ಸಲ ನಗಲಿಲ್ಲ. ಆ ಅರ್ಧ ಬುಟ್ಟಿಯ ಗುರುತನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

“ನನ್ನ ಗುತ್ತೇದಾರಗ ಬಡಕೊಂಡೀನಿ, ಪದರಿಗೊಮ್ಮೆ ನೀರು ಹೊಡಿ, ಪದರಿಗೊಮ್ಮೆ ಧಮ್ಮಸ್ಸು ಹಾಕು ಅಂತ. ಮಗಾ ಕೇಳವಲ್ಲ. ಇವ್ರ ಮ್ಯಾಲ ನಿಂತು ಮಾಡಿಸಿದಾವ ಯಾರೋ, ಛಲೋ ಓವರಸೀಯರ್ ಇದ್ದ. ಇದನ್ನ ಒಡದು ನನ್ನ ಸಡಕಿಗೆ ಹಾಕಿದ್ರ, ಛಲೋ ಏರಿ ಕೆಡವಿ ಕೆಟ್ಟ ಏರಿ ಕಟ್ಟಿದಂಗ ಆಗ್ತದ. ನಕ್ಷಾ ಎಲ್ಲದ?”

ಜೀಪಿನ ಮೂತಿಯ ಮೇಲೆ ನಕ್ಷೆ ಬಿಚ್ಚಿದೆ. ತಗಡು ಆಗಲೇ ಕಾದಿತ್ತು, ಅವರು ಅಂಗೈ ಊರದೆ ಸಹಿ ಹಾಕಿದರು. ಆಮೇಲೆ ನನ್ನ ಪೆನ್ಸಿಲನ್ನೇ ಇಸಿದುಕೊಂಡು ನಕ್ಷೆಯಲ್ಲಿದ್ದ ತಮ್ಮ ನೆಟ್ಟನೆಯ ಸಡಕಿನ ಗೆರೆಯನ್ನು ಹೊಡೆದುಹಾಕಿ, ಕಂದಕದ ಹೊರ ಅಂಚಿನಿಂದ ಒಂದಿಷ್ಟು ಅಂತರ ಬಿಟ್ಟು, ಬರಿಗೈಯಲ್ಲೇ ಒಂದು ಬಾಗು ಎಳೆದರು. ಗೌಡರು ಕೇಳಿದರು, “ಅಂದ್ರ ಹಾಳಕ್ವಾಟಿ ಉಳೀತೇನ್ರಿ?”

“ಉಳೀತು,” ಎಂದರು ಎಂಜಿನಿಯರರು. “ಗಾಡಿ ಮಣ್ಣು ಹಳ್ಳದ ಆಚೆ ದಂಡಿಂದ ತರಲಿ. ಗುತ್ತೇದಾರ ನನ್ನ ಬೈತಾನ, ಬೈಲಿ.”

ಆ ಕ್ಷಣ ಸರಪಳಿಯವ ನನ್ನ ಕೊರಳಿಂದ ಸೀಟಿ ಕಸಿದುಕೊಂಡು ಉಸಿರು ಕಟ್ಟುವವರೆಗೆ ಊದಿದ. ನಾನು ತಡೆಯಲಿಲ್ಲ. ಶಿಸ್ತು ಗೊತ್ತಿರುವವನಿಗೆ ಅದನ್ನು ಎಲ್ಲಿ ಬಿಡಬೇಕೆಂಬುದೂ ಗೊತ್ತಿರಬೇಕು.

ಉಳಿದದ್ದು ಕೆಲಸ. ಹೊಸ ಗೋಡೆಯ ಒಂದೊಂದು ಪದರನ್ನೂ ಅಳೆದು ಬರೆದೆ. ಗುಂಡಿ ಮುಚ್ಚುವಾಗ ಮೊದಲು ಗೋಡೆಗೂ ತಳಕ್ಕೂ ಹಳ್ಳದ ಉಸುಕನ್ನು ಒಂದು ಗೇಣು ಹಾಕಿಸಿದೆ, ಮುಂದೆ ಯಾರಾದರೂ ಅಗೆದರೆ ಇಲ್ಲಿಯವರೆಗೆ ಬೇರೆಯವರು ಬಂದಿದ್ದರೆಂದು ತಿಳಿಯಲಿ ಎಂದು. ಅದರ ಮೇಲೆ ಹೊರಗಿನ ಮಣ್ಣು. ಉಸುಕು ಹೊತ್ತವರು ಅದೇ ಹೆಂಗಸರು, ಯಾರೂ ಕರೆಯದೆ ಬಂದಿದ್ದರು. ಅಗೆದ ಮಣ್ಣು ಊರಿಗೆ ಕೊಟ್ಟದ್ದಕ್ಕೆ ಹೈದರಾಬಾದಿನಿಂದ ನನಗೆ ಒಂದು ಬಿರುಸಾದ ತಾಕೀತು ಬಂತು. ಓದಿದೆ, ಸರಿ ಎಂದು ಉತ್ತರ ಬರೆದೆ. ಅದರ ಹಿಂದೆಯೇ ಸಂರಕ್ಷಿತ ಸ್ಥಳವೆಂಬ ಆದೇಶವೂ ಬಂತು. ಮಿರಗ ಆ ವರ್ಷ ಜೋರಾಗಿಯೇ ಹಿಡಿಯಿತು, ಮತ್ತು ಊರಿನಲ್ಲಿ ಯಾರ ಮಾಳಿಗೆಯೂ ಸೋರಲಿಲ್ಲವೆಂದು ಗೌಡರು ಹೇಳಿಕಳಿಸಿದರು.

ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಈಗಲೂ ಆಗಾಗ ಹೋಗುತ್ತೇನೆ. ಎರೆಹೊಲಗಳ ನಡುವೆ ದಾರಿ ನೂಲು ಹಿಡಿದಂತೆ ನೆಟ್ಟಗೆ ಸಾಗುತ್ತದೆ, ಅಡ್ಡ ಗುಡ್ಡವಿಲ್ಲ, ಕೆರೆಯಿಲ್ಲ. ಒಂದು ಕಡೆ ಮಾತ್ರ ಏನೂ ಕಾರಣವಿಲ್ಲದಂತೆ ಡ್ರೈವರು ಚಕ್ರ ತಿರುಗಿಸುತ್ತಾನೆ. ನಿಂತವರು ಕಂಬಿ ಹಿಡಿಯುತ್ತಾರೆ, ಕೂತವರು ಒಬ್ಬರ ಮೇಲೊಬ್ಬರು ವಾಲುತ್ತಾರೆ, ಯಾರೋ ಒಬ್ಬರು, “ಈ ಸಡಕ ಮಾಡಿದಾವ್ರಿಗೆ ನೆಟ್ಟಗ ಗೆರಿ ಎಳ್ಯಾಕ ಬರ್ತಿದ್ದಿಲ್ಲೇನು?” ಎಂದು ಬೈಯುತ್ತಾರೆ. ನಾನೂ ಎಲ್ಲರ ಜೊತೆ, ಮನಸಾರೆ, ಪೂರ್ತಿ ವಾಲುತ್ತೇನೆ.